ಸೊಂಗ್-ಕುಲ್‌ಗೆ ಕುದುರೆ ಚಾರಣ: ಹತ್ತುವುದಕ್ಕಿಂತ ಮೊದಲು ಇಳಿಯುವುದನ್ನು ಕಲಿಯಿರಿ

ಕಿರ್ಗಿಸ್ತಾನದ ಸೊಂಗ್-ಕುಲ್ ಸರೋವರಕ್ಕೆ ಕುದುರೆಯ ಮೇಲೆ ಹೋಗಿಬಂದವರು ಈಗ ಮಂಗಳೂರು, ಉಡುಪಿಯಲ್ಲೂ ಸಿಗುತ್ತಾರೆ. ಅಲ್ಲಿನ ರಾಜಧಾನಿ ಬಿಷ್ಕೆಕ್‌ನಲ್ಲಿ ಮೆಡಿಕಲ್ ಓದುವ ಮಕ್ಕಳನ್ನು ನೋಡಲು ಹೋದವರು ಹಾಗೇ ಮೂರು ದಿನ ಬೆಟ್ಟಕ್ಕೂ ಹೊರಡುವುದುಂಟು. ಹೊರಡುವ ಮುಂಚೆ ಎಲ್ಲರೂ ಚಳಿ ಎಷ್ಟು, ಊಟ ಏನು ಎಂದು ವಿಚಾರಿಸುತ್ತಾರೆ. ದಿನಕ್ಕೆ ಐದಾರು ಗಂಟೆ ಜೀನಿನ ಮೇಲೆ ಕೂರುವುದು ಹೇಗೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಡೆಯುವುದು ಕುದುರೆ ತಾನೇ ಎಂಬ ಧೈರ್ಯ. ಎರಡನೇ ದಿನ ಮಂಡಿ ಹಿಡಿದುಕೊಂಡು ಗುಡಾರದಲ್ಲಿ ಮಲಗುವವರು ಇವರೇ.

ಹಂತ 1: ಕಾಲ ಮತ್ತು ಎತ್ತರ. ಜೂನ್ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರಗಳೊಳಗೆ ಹೋಗಿ. ದನ, ಕುರಿ, ಕುದುರೆ ಮೇಯಿಸುವವರು ಬೇಸಗೆಗಷ್ಟೇ ಮೇಲಿರುತ್ತಾರೆ, ಅವರ ಗುಡಾರಗಳೇ ನಿಮ್ಮ ವಸತಿ. ಸರೋವರ ಇರುವುದು 3,016 ಮೀಟರ್ ಎತ್ತರದಲ್ಲಿ. ನಮ್ಮ ಕೊಡಚಾದ್ರಿ 1,343 ಮೀಟರ್, ಲೆಕ್ಕ ಹಾಕಿಕೊಳ್ಳಿ. ಸಮುದ್ರದ ಮಟ್ಟದಲ್ಲಿ ಬದುಕುವ ನಾವು ಒಂದೇ ದಿನದಲ್ಲಿ ಅಲ್ಲಿಗೆ ಹಾರಬಾರದು. ದಾರಿಯಲ್ಲಿ ಕೊಚ್ಕೋರ್ ಪಟ್ಟಣದಲ್ಲಿ ಒಂದು ರಾತ್ರಿ ಕಡ್ಡಾಯವಾಗಿ ಉಳಿಯಿರಿ. ಮೇಲೆ ತಲೆನೋವಿನ ಜೊತೆ ವಾಂತಿಯೂ ಬಂದರೆ ಗೈಡ್‌ಗೆ ತಕ್ಷಣ ಹೇಳಿ, ಕೆಳಗಿಳಿಯುವುದೇ ಮದ್ದು. ಎತ್ತರದ ಕಾಯಿಲೆಗೆ ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನುಂಗಬೇಡಿ.

ಹಂತ 2: ಬಟ್ಟೆ. ಜೀನ್ಸ್ ಬೇಡವೇ ಬೇಡ. ಒಳತೊಡೆಯ ಹೊಲಿಗೆ ಮಧ್ಯಾಹ್ನದೊಳಗೆ ಚರ್ಮ ಸುಲಿಯುತ್ತದೆ. ಸೈಕಲ್ ಸವಾರರ ಪ್ಯಾಡ್ ಚಡ್ಡಿ, ಅದರ ಮೇಲೆ ಹೊಲಿಗೆ ತಾಗದ ಮೆತ್ತನೆಯ ಪ್ಯಾಂಟು ಸಾಕು. ಉಜ್ಜುವ ಜಾಗಕ್ಕೆ ಬೆಳಿಗ್ಗೆಯೇ ತೆಂಗಿನೆಣ್ಣೆ ಹಚ್ಚಿ. ಆದರೆ ಬಾಟಲಿಯಲ್ಲಿ ಒಯ್ಯಬೇಡಿ, ಆ ಚಳಿಗೆ ಎಣ್ಣೆ ಗಟ್ಟಿಯಾಗಿ ಹೊರಗೇ ಬರುವುದಿಲ್ಲ. ಅಗಲ ಬಾಯಿಯ ಡಬ್ಬ ಇರಲಿ. ಆನ್‌ಲೈನ್‌ನಲ್ಲಿ ಮಾರುವ ಜೆಲ್ ಸೀಟ್ ಕವರ್ ದುಡ್ಡು ದಂಡ. ಜೀನಿನ ಮೇಲೆ ಅವರೇ ದಪ್ಪ ಹಾಸು ಹಾಕಿರುತ್ತಾರೆ, ಜೆಲ್ ಅದರ ಮೇಲೆ ಜಾರುತ್ತದೆ. ದೊಡ್ಡ ಹಲ್ಲಿನ ಟ್ರೆಕ್ಕಿಂಗ್ ಶೂ ಕೂಡ ಬೇಡ, ಕಾಲಿಡುವ ರಿಕಾಪಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಹಂತ 3: ಹತ್ತುವ ಮೊದಲು. ತೂಕ ಕೇಳಿದಾಗ ನಿಜ ಹೇಳಿ, ಕುದುರೆ ಆರಿಸುವುದು ಅದರ ಮೇಲೆ. ರಿಕಾಪಿನ ಉದ್ದವನ್ನು ನೀವೇ ನೋಡಿಕೊಳ್ಳಿ: ಅದರ ಪಟ್ಟಿ ಜೀನಿಗೆ ಸೇರುವಲ್ಲಿ ಬೆರಳ ತುದಿ ಇಟ್ಟು ಕೈ ಚಾಚಿದರೆ ರಿಕಾಪು ಕಂಕುಳಿಗೆ ಬರಬೇಕು. ದೂರದ ದಾರಿಗೆ ಇನ್ನೂ ಒಂದು ತೂತು ಉದ್ದ ಬಿಟ್ಟರೆ ಒಳ್ಳೆಯದು. ಮಂಡಿನೋವಿಗೆ ಹೆಚ್ಚಾಗಿ ಗಿಡ್ಡ ರಿಕಾಪೇ ಕಾರಣ, ವಯಸ್ಸಲ್ಲ. ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಎಷ್ಟೋ ಕುದುರೆಗಳು ಹೊಟ್ಟೆ ಉಬ್ಬಿಸಿಕೊಳ್ಳುತ್ತವೆ. ಕಾಲು ಗಂಟೆ ನಡೆದ ಮೇಲೆ ಪಟ್ಟಿ ಸಡಿಲವಾಗಿರುತ್ತದೆ. ಆಗ ನಿಲ್ಲಿಸಿ ಮತ್ತೊಮ್ಮೆ ಬಿಗಿಸಿ, ನಾಚಿಕೆ ಬೇಡ. ಎಡಗಡೆಯಿಂದ ಹತ್ತಿ, "ಚೂ" ಎನ್ನಿ, ಹೊರಡುತ್ತದೆ.

ಏರುದಾರಿಯಲ್ಲಿ ಸ್ವಲ್ಪ ಮುಂದೆ ಬಾಗಿ, ಅಷ್ಟೆ.

ಹಂತ 4: ಇಳಿಜಾರು. ಎಡವಟ್ಟೆಲ್ಲ ಆಗುವುದು ಇಲ್ಲಿ. ಕಣಿವೆ ಕಂಡ ಕೂಡಲೇ ಹೊಸಬರು ಲಗಾಮು ಜಗ್ಗುತ್ತಾರೆ. ಕುದುರೆಗೆ ಕಾಲಿಡುವ ಜಾಗ ಕಾಣಬೇಕಾದರೆ ತಲೆ ತಗ್ಗಿಸಬೇಕು. ನೀವು ಜಗ್ಗಿದರೆ ಅದು ಕುರುಡಾಗಿ ಇಳಿದಂತೆ. ಲಗಾಮು ಸಡಿಲ ಬಿಡಿ, ಕತ್ತು ಚಾಚಲಿ. ಹಿಡಿತ ಬೇಕೆನಿಸಿದರೆ ಜೀನಿನ ಮುಂದಿನ ಉಬ್ಬನ್ನೋ ಕೇಸರವನ್ನೋ ಹಿಡಿಯಿರಿ. ಇನ್ನು ಕೆಲವರು ಹಿಂದಕ್ಕೆ ಮಲಗಿಯೇಬಿಡುತ್ತಾರೆ, ಅದೂ ತಪ್ಪು, ಭಾರವೆಲ್ಲ ಕುದುರೆಯ ಸೊಂಟಕ್ಕೆ ಬೀಳುತ್ತದೆ. ಆಗುಂಬೆ ಘಾಟಿ ಇಳಿಯುವ ಬಸ್ಸಿನಲ್ಲಿ ಕಾಲು ಮುಂದೆ ಊರಿ ಕೂರುವ ಹಾಗೆ ಕೂರಿ: ಬೆನ್ನು ನೆಟ್ಟಗೆ, ಹಿಮ್ಮಡಿ ಕೆಳಗೆ, ಪಾದದ ಮುಂಭಾಗ ಮಾತ್ರ ರಿಕಾಪಿನಲ್ಲಿ. ಪಾದ ಪೂರ್ತಿ ಒಳಗೆ ತೂರಿದ್ದರೆ ಬಿದ್ದಾಗ ಕುದುರೆ ಎಳೆದುಕೊಂಡು ಹೋಗುತ್ತದೆ. ಜೀನು ಕತ್ತಿನ ಕಡೆ ಜಾರುತ್ತಿದೆ ಅನಿಸಿದರೆ ಕೂಗಿ ಹೇಳಿ. ಮಂಡಿ ನೋಯಲು ಶುರುವಾದರೆ ಇಳಿದು ನಡೆಯಿರಿ. ಕುದುರೆಯ ನೇರ ಮುಂದೆ ನಡೆಯದೆ ಪಕ್ಕದಲ್ಲಿ, ಗುಡ್ಡದ ಕಡೆ ಇರಿ. ಲಗಾಮನ್ನು ಕೈಗೆ ಸುತ್ತಿಕೊಳ್ಳಲೇಬೇಡಿ.

ಮಳೆಯದ್ದೊಂದು ಮಾತು. ಮಳೆ ಎಂದರೆ ನಮಗೆ ಸಲಿಗೆ ಜಾಸ್ತಿ. ಹನಿ ಬಿದ್ದರೆ ಕೂತಲ್ಲೇ ಕೋಟು ಬಿಡಿಸುತ್ತೇವೆ. ಪರಪರ ಸದ್ದು ಮಾಡಿ ಪಟಪಟಿಸುವ ಪ್ಲಾಸ್ಟಿಕ್ ಮಳೆಕೋಟಿಗೆ ಕುದುರೆ ಬೆದರುತ್ತದೆ, ಎರಡೂ ಕೈ ತೋಳಿನೊಳಗೆ ಸಿಕ್ಕಿರುವ ಹೊತ್ತಿಗೇ ಓಡುತ್ತದೆ. ಮೋಡ ಕಂಡಾಗಲೇ ಇಳಿದು ಮೈಗಂಟುವ ಜಾಕೆಟ್ ಹಾಕಿಕೊಳ್ಳಿ. ಕೊಡೆ ಮನೆಯಲ್ಲೇ ಇರಲಿ ಮಾರಾಯ್ರೆ.

ಹಂತ 5: ಊಟ, ನಿದ್ದೆ. ಬ್ರೆಡ್ಡು, ಜಾಮ್, ಬಟಾಟೆ, ಚಹಾ ಧಾರಾಳ, ಉಳಿದದ್ದು ಮಾಂಸ. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಬೇಕು. ಚಟ್ನಿಪುಡಿ ಒಯ್ಯಿರಿ. ಮಿಡಿ ಉಪ್ಪಿನಕಾಯಿಯ ಗಾಜಿನ ಬಾಟಲಿ ಜೀನಿನ ಚೀಲದಲ್ಲಿ ಒಡೆದರೆ ಬಟ್ಟೆಯ ಕತೆ ಮುಗಿಯಿತು. ಹುಳಿಬರಿಸಿದ ಕುದುರೆ ಹಾಲು ಕಿಮಿಜ್ ಕೊಡುತ್ತಾರೆ. ಮೊದಲ ದಿನ ಒಂದು ಗುಟುಕು ಸಾಕು, ಲೋಟ ಮುಗಿಸಿದರೆ ರಾತ್ರಿ ಹೊರಗೆ ಓಡಾಟ. ಜುಲೈಯಲ್ಲೂ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳಬಹುದು. ಒಣಗಿದ ಸಗಣಿ ಉರಿಸುವ ಒಲೆ ನಡುರಾತ್ರಿಗೆ ಆರುತ್ತದೆ, ಉಣ್ಣೆಯ ಟೊಪ್ಪಿ ದಿಂಬಿನ ಪಕ್ಕದಲ್ಲೇ ಇರಲಿ.

ಮೇಲೆ ಎಟಿಎಂ ಇಲ್ಲ, ಗೈಡ್‌ನ ಭಕ್ಷೀಸಿಗೆ ಬೇಕಾದ ಅಲ್ಲಿನ ಹಣ ಸೋಮ್‌ನ ನೋಟುಗಳನ್ನು ಕೊಚ್ಕೋರ್‌ನಲ್ಲೇ ತೆಗೆದುಕೊಳ್ಳಿ. ಆ ಊರಿನ ಶಿರ್ದಕ್ ಎಂಬ ಉಣ್ಣೆಯ ಹಾಸು ಬಹಳ ಚೆಂದ, ಮನೆಗೊಂದು ತರೋಣ ಅನಿಸುತ್ತದೆ. ಚಿಕ್ಕದನ್ನೇ ಕೊಳ್ಳಿ. ದೊಡ್ಡದು ವಿಮಾನದಲ್ಲಿ ಭಾರ, ನಮ್ಮ ಮಳೆಗಾಲದ ಆಟಿ ತಿಂಗಳಲ್ಲಿ ಬೂಷ್ಟು.