ಕ್ಯಾಲಿಫೋರ್ನಿಯಾದ ಕೌಂಟಿ ವಾಟರ್ ಡಿಸ್ಟ್ರಿಕ್ಟಿನಲ್ಲಿ ನೀರಿನ ದರ ಏರಿಸುವ ಕೆಲಸ: ನನ್ನ ಅನುಭವ

ಕೌಂಟಿ ವಾಟರ್ ಡಿಸ್ಟ್ರಿಕ್ಟ್ ಅಂದರೆ ಕೌಂಟಿ ಸರ್ಕಾರದ ನೀರಿನ ಇಲಾಖೆಯಲ್ಲ. ರಾಜ್ಯದ ವಾಟರ್ ಕೋಡಿನ 30000ನೇ ಕಲಮಿನಿಂದ ಶುರುವಾಗುವ ಕಾಯ್ದೆಯಡಿ ಹುಟ್ಟಿದ ಸ್ವತಂತ್ರ ಸಂಸ್ಥೆ ಅದು. ಐದು ಮಂದಿ ಚುನಾಯಿತ ನಿರ್ದೇಶಕರ ಬೋರ್ಡು ಅದನ್ನು ನಡೆಸುತ್ತದೆ. ದರದಿಂದ ಏನೆಲ್ಲ ಹೊರಡಬೇಕೆಂದು 31007ನೇ ಕಲಮು ಹೇಳುತ್ತದೆ: ನಿತ್ಯದ ಖರ್ಚು, ರಿಪೇರಿ, ಸವಕಳಿ, ವಿಸ್ತರಣೆಗೆ ಒಂದಿಷ್ಟು ಉಳಿಕೆ, ಬಾಂಡಿನ ಬಡ್ಡಿ ಮತ್ತು ಅಸಲು. ಅದೊಂದನ್ನೇ ಓದಿದರೆ ಬೋರ್ಡಿಗೆ ಕಡಿವಾಣವೇ ಇಲ್ಲ ಅನಿಸೀತು. ಕಡಿವಾಣ ಇರುವುದು 1996ರಲ್ಲಿ ರಾಜ್ಯದ ಮತದಾರರೇ ಒಪ್ಪಿದ ಸಂವಿಧಾನ ತಿದ್ದುಪಡಿ ಪ್ರಾಪೊಸಿಷನ್ 218ರಲ್ಲಿ: ಯಾವ ಪಾರ್ಸೆಲ್ಲಿನ, ಅಂದರೆ ತೆರಿಗೆ ಪಟ್ಟಿಯಲ್ಲಿ ನಂಬರಿರುವ ಜಾಗದ, ಮೇಲೂ ಅದಕ್ಕೆ ಸೇವೆ ಕೊಡಲು ತಗಲುವ ವೆಚ್ಚಕ್ಕಿಂತ ಹೆಚ್ಚು ಹೇರುವಂತಿಲ್ಲ.

ಹಾಗಾಗಿ ದರ ಏರಿಕೆಯ ನೋಟಿಸಿಗಿಂತ ಮೊದಲು ವೆಚ್ಚದ ಲೆಕ್ಕ. ಸ್ಥಿರ ಶುಲ್ಕವನ್ನು ಮೀಟರಿನ ಸಾಮರ್ಥ್ಯದ ಮೇಲೆ ಹಂಚುತ್ತೇನೆ: 5/8 ಇಂಚಿನದು ನಿಮಿಷಕ್ಕೆ 20 ಗ್ಯಾಲನ್, ಅದರ ಪಾಲು 1, ಒಂದು ಇಂಚು 50 ಗ್ಯಾಲನ್, ಅಂದರೆ 2.5, ಎರಡು ಇಂಚು 160, ಅಂದರೆ 8. ಇಲ್ಲೊಂದು ತೊಡಕಿದೆ. 2011ರಿಂದ ಹೊಸ ಮನೆಗಳಿಗೆ ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಕಡ್ಡಾಯ, ಅದಕ್ಕೆಂದೇ ಎಷ್ಟೋ ಕಡೆ ಒಂದು ಇಂಚಿನ ಮೀಟರ್ ಕೂರಿಸಿರುತ್ತಾರೆ. ದಿನಬಳಕೆ ಪಕ್ಕದ ಮನೆಯಷ್ಟೇ ಇದ್ದರೂ ಸ್ಥಿರ ಶುಲ್ಕ ಎರಡೂವರೆ ಪಟ್ಟು! ಇಂಥ ಮನೆಗಳನ್ನು ಬೇರೆ ವರ್ಗ ಮಾಡಿ, ಕಾರಣವನ್ನು ವರದಿಯಲ್ಲೇ ಬರೆದಿಡುವುದು ಒಳ್ಳೆಯದು.

ಬಳಕೆಯ ದರ ಯೂನಿಟ್ಟಿಗೆ. ಒಂದು ಯೂನಿಟ್ ಅಂದರೆ 748 ಗ್ಯಾಲನ್, ಸುಮಾರು 2,830 ಲೀಟರ್. ಹೆಚ್ಚು ಸುರಿದವರಿಗೆ ಹೆಚ್ಚು ದರ ಹಾಕಬೇಕೆಂಬ ಆಸೆ ಎಲ್ಲ ಬೋರ್ಡಿಗೂ ಇರುತ್ತದೆ. ಸ್ಯಾನ್ ವಾನ್ ಕ್ಯಾಪಿಸ್ಟ್ರಾನೊ ನಗರ 2.47 ಡಾಲರಿನಿಂದ 9.05 ಡಾಲರಿನವರೆಗೆ ನಾಲ್ಕು ಹಂತ ಮಾಡಿತ್ತು. ಪ್ರತಿ ಹಂತಕ್ಕೂ ನಿಜವಾದ ವೆಚ್ಚ ತೋರಿಸಲಿಲ್ಲವೆಂದು 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ನೀರುಳಿತಾಯ ಒಳ್ಳೆಯದೇ, ಆದರೆ ಅದೊಂದೇ ಲೆಕ್ಕವಾಗದು. ಮೇಲಿನ ಹಂತಕ್ಕೆ ಹೊರಗಿನಿಂದ ಕೊಳ್ಳುವ ದುಬಾರಿ ಸಗಟು ನೀರೋ, ಬೇಸಿಗೆಯ ಹೆಚ್ಚುವರಿ ಪಂಪಿಂಗೋ ಕಾರಣವಾಗಿದ್ದರೆ ಆ ಅಂಕಿ ಕಾಣಲೇಬೇಕು.

ಆಮೇಲೆ ನೋಟಿಸು. ಅಂಚೆಗೆ ಹಾಕಿ ಕನಿಷ್ಠ 45 ದಿನವಾದ ಮೇಲೆಯೇ ಬೋರ್ಡಿನ ಮುಂದೆ ಸಾರ್ವಜನಿಕ ವಿಚಾರಣೆ. ನಾನು ಒಂದು ವಾರ ಹೆಚ್ಚೇ ಇಡುತ್ತೇನೆ. ದರ, ಅದರ ಲೆಕ್ಕದ ಆಧಾರ, ಏರಿಕೆಯ ಕಾರಣ, ವಿಚಾರಣೆಯ ದಿನ, ಸಮಯ, ಜಾಗ ಎಲ್ಲವೂ ಅದರಲ್ಲಿರಬೇಕು. ಕೋರ್ಟಿಗೆ ಹೋಗಲು 120 ದಿನದ ಗಡುವಿದೆ ಎಂಬ ಸಾಲನ್ನೂ ಸೇರಿಸುತ್ತೇವೆ. ಎಡವಟ್ಟಾಗುವುದು ವಿಳಾಸದಲ್ಲಿ. ಬಿಲ್ಲಿನ ಪಟ್ಟಿಯಲ್ಲಿ ಬಾಡಿಗೆದಾರ, ತೆರಿಗೆ ಪಟ್ಟಿಯಲ್ಲಿ ಬೇರೆ ಊರಿನಲ್ಲಿರುವ ಮಾಲೀಕ. ಎರಡನ್ನೂ ಪಾರ್ಸೆಲ್ ನಂಬರಿನ ಮೇಲೆ ತಾಳೆ ಹಾಕಿ ಇಬ್ಬರಿಗೂ ಕಳಿಸಿದರೆ ತಲೆನೋವಿಲ್ಲ. ಅಂಚೆ ವೆಚ್ಚ ಹೆಚ್ಚುತ್ತದೆ, ಹೆಚ್ಚಲಿ.

ಆಕ್ಷೇಪಣೆ ಲಿಖಿತವಾಗಿರಬೇಕು. ಮೀಟರ್ ಎಷ್ಟಿದ್ದರೂ, ಮಾಲೀಕ, ಬಾಡಿಗೆದಾರ ಇಬ್ಬರೂ ಬರೆದರೂ ಪಾರ್ಸೆಲ್ಲಿಗೆ ಎಣಿಕೆ ಒಂದೇ. ಬಂದ ಪತ್ರಕ್ಕೆಲ್ಲ ತಾರೀಖಿನ ಮುದ್ರೆ ಹಾಕಿ ಪಾರ್ಸೆಲ್ ನಂಬರಿನ ಕ್ರಮದಲ್ಲಿ ಜೋಡಿಸಿದರೆ ಜೋಡಿ ಪತ್ರಗಳು ತಾವಾಗಿ ಸಿಕ್ಕಿಬೀಳುತ್ತವೆ. 4,000 ಪಾರ್ಸೆಲ್ಲಿದ್ದರೆ 2,001 ಆಕ್ಷೇಪಣೆಗೆ ಪ್ರಸ್ತಾವ ಬಿದ್ದುಹೋಗುತ್ತದೆ. ಪತ್ರಗಳನ್ನು ಎರಡು ವರ್ಷ ಕಾಪಿಡಬೇಕು.

ಅಷ್ಟು ಬರದಿದ್ದರೆ ಬೋರ್ಡಿನ ಮತ. ಹಾಜರಿದ್ದವರ ಬಹುಮತ ಸಾಲದು, ಒಟ್ಟು ಐವರಲ್ಲಿ ಮೂವರು ಒಪ್ಪಬೇಕು. ಮೂವರೇ ಬಂದ ದಿನ ಒಬ್ಬರು ಹಿಂದೇಟು ಹಾಕಿದರೂ ಮುಗಿಯಿತು. ಆ ಸಂಜೆ ಯಾರ್‍ಯಾರು ಬರುತ್ತಾರೆಂದು ಮೊದಲೇ ಕೇಳಿಟ್ಟುಕೊಳ್ಳಿ.

ಸಗಟು ನೀರಿನ ಬೆಲೆ ಮತ್ತು ಹಣದುಬ್ಬರದ ಏರಿಕೆಯನ್ನು ಐದು ವರ್ಷದವರೆಗೆ, ಪ್ರತಿ ಸಲ 30 ದಿನ ಮುಂಚೆ ತಿಳಿಸಿ, ಮರುವಿಚಾರಣೆಯಿಲ್ಲದೆ ಗ್ರಾಹಕರ ಬಿಲ್ಲಿಗೆ ದಾಟಿಸಬಹುದು. ಆದರೆ ಆ ಸೂತ್ರ ಮೊದಲ ನೋಟಿಸಿನಲ್ಲೇ ಇರಬೇಕು.