ಲಿಮೊನ್ಚೆಲ್ಲೊ ಮಾಡುವವರಿಗೆ, ಅಮರೆಟ್ಟಿ ಕೊಳ್ಳುವವರಿಗೆ

ಇಟಲಿಯಲ್ಲಿರುವವರು ಈ ಸಲ ಮನೆಯಲ್ಲೇ ಲಿಮೊನ್ಚೆಲ್ಲೊ (ನಿಂಬೆಯ ಸಿಹಿ ಮದ್ಯ) ಮಾಡೋದಾದರೆ ಒಂದು ಮಾತು. ಅದರ ರುಚಿ ಇರುವುದು ನಿಂಬೆಯ ಹಳದಿ ಸಿಪ್ಪೆಯಲ್ಲಿ, ರಸದಲ್ಲಲ್ಲ. ಹೆರೆಯುವಾಗ ಒಳಗಿನ ಬಿಳಿ ಭಾಗ ಬಂದರೆ ಕಹಿ ಗ್ಯಾರಂಟಿ. ನನ್ನ ಮೊದಲ ಬಾಟಲಿ ಹಾಗೇ ಹಾಳಾಯಿತು.

ಮೇಣ ಹಚ್ಚದ 8-10 ದೊಡ್ಡ ನಿಂಬೆ ತಗೊಳ್ಳಿ. ಸಿಪ್ಪೆಯನ್ನು ಸೂಪರ್‌ಮಾರ್ಕೆಟ್‌ನಲ್ಲಿ ಸಿಗುವ ಶೇ. 95ರ ಆಲ್ಕೋಹಾಲ್ 1 ಲೀಟರ್‌ನಲ್ಲಿ ಹಾಕಿ, ಗಾಜಿನ ಭರಣಿಯಲ್ಲಿ ಕತ್ತಲೆ ಜಾಗದಲ್ಲಿ 2 ವಾರ ಇಡಿ. ಒಲೆ ಹತ್ತಿರ ಮಾತ್ರ ಬೇಡ, ಬೇಗ ಬೆಂಕಿ ಹಿಡಿಯುತ್ತದೆ. ಸಿಪ್ಪೆ ಬಿಳಿಚಿಕೊಂಡು, ಮಡಚಿದರೆ ಪಟ್ಟಂತ ಮುರಿದರೆ ಸಾರ ಬಿಟ್ಟಿದೆ ಅಂತ ಲೆಕ್ಕ. ಆಮೇಲೆ ಸೋಸಿ, ಪೂರ್ತಿ ಆರಿದ ಸಕ್ಕರೆ ಪಾಕ ಬೆರೆಸಿ. ಆಗ ದ್ರವ ಮಸುಕಾಗುತ್ತದೆ. ಕೆಟ್ಟುಹೋಯ್ತು ಅಂತ ಗಾಬರಿಯಾಗಬೇಡಿ, ಅದು ಸಿಪ್ಪೆಯ ಎಣ್ಣೆ. ಫ್ರೀಜರ್‌ನಲ್ಲಿಟ್ಟು, ಊಟವಾದ ಮೇಲೆ ಚಿಕ್ಕ ಲೋಟದಲ್ಲಿ ಕುಡಿಯುತ್ತಾರೆ.

ಜೊತೆಗೆ ಅಮರೆಟ್ಟಿ ಬಿಸ್ಕತ್ತು ತರುವವರು ಗಮನಿಸಿ. ಬಾದಾಮಿ, ಸಕ್ಕರೆ ಅಷ್ಟೇ ಅಲ್ಲ, ಅದರಲ್ಲಿ ಮೊಟ್ಟೆಯ ಬಿಳಿ ಇರುತ್ತದೆ. ಊರಿಗೆ ತಂದು ಅಜ್ಜಿಗೆ ಕೊಡುವ ಮೊದಲು ಹೇಳಿಬಿಡಿ! ಅಮರೆಟ್ಟಿಯ ಬಾದಾಮಿ ಘಮ ಎಷ್ಟೋ ಸಲ ಏಪ್ರಿಕಾಟ್ ಬೀಜದ್ದು. ಹಾಗಂತ ಹಸಿ ಕಹಿ ಬೀಜ ಮನೆಯಲ್ಲಿ ಪುಡಿ ಮಾಡಿ ಹಾಕಬೇಡಿ, ಅದರಿಂದ ಸಯನೈಡ್ ಹುಟ್ಟುತ್ತದೆ. ಎರಡು ಹನಿ ಬಾದಾಮಿ ಎಸೆನ್ಸ್ ಧಾರಾಳ ಸಾಕು.