ಭಾಷೆ ಆಮೇಲೆ ನೋಡೋಣ, ಮೊದಲು ಡೇಟಾಬೇಸ್ ಆರಿಸಿ

ವೆಬ್ ಆ್ಯಪ್ ಮಾಡಲು ಹೊರಟವರು ಮೊದಲು ಕೇಳುವುದೇ "ಪೈಥಾನ್ ಒಳ್ಳೇದಾ, ನೋಡ್ (ಅಂದರೆ ಸರ್ವರಿನಲ್ಲಿ ಓಡುವ ಜಾವಾಸ್ಕ್ರಿಪ್ಟ್) ಒಳ್ಳೇದಾ?" ಅಂತ. ಅದು ಕೊನೆಗೆ ಕೇಳುವ ಪ್ರಶ್ನೆ. ಕಲ್ಯಾಣ ಮಂಟಪದ ಬುಕಿಂಗ್ ಆ್ಯಪನ್ನೇ ತೆಗೆದುಕೊಳ್ಳಿ.

ಹೆಜ್ಜೆ 1: ಏನೇನು ಬರೆದಿಡಬೇಕು ಅಂತ ಕಾಗದದ ಮೇಲೆ ಗೀಚಿ. ಗಿರಾಕಿ, ಹಾಲ್, ದಿನ, ಮುಂಗಡ. ಎಲ್ಲಕ್ಕೂ ಒಂದಕ್ಕೊಂದು ನಂಟಿದೆ, ಅಲ್ವಾ? ಹಾಗಾದರೆ ರಿಲೇಷನಲ್ ಡೇಟಾಬೇಸೇ ಸರಿ, ಅಂದರೆ ಮಾಹಿತಿಯನ್ನು ಒಂದಕ್ಕೊಂದು ನಂಟಿರುವ ಕೋಷ್ಟಕಗಳಲ್ಲಿ ಇಡುವಂಥದ್ದು.

ಹೆಜ್ಜೆ 2: ಯಾವ ಡೇಟಾಬೇಸ್? ಜನ ಎಡವುವುದು ಇಲ್ಲೇ. ನಾನು ನೋಡಿದ ಒಂದು ಆ್ಯಪ್ ಒಂದೇ ಮುಹೂರ್ತಕ್ಕೆ ಎರಡು ಮನೆಯವರಿಗೂ ರಸೀದಿ ಕೊಟ್ಟಿತ್ತು. ಕೋಡ್ "ಹಾಲ್ ಖಾಲಿ ಇದೆಯಾ?" ಎಂದು ಕೇಳಿ, ಆಮೇಲೆ ಬುಕಿಂಗ್ ಬರೆಯುತ್ತಿತ್ತು. ಇಬ್ಬರೂ ಒಂದೇ ಕ್ಷಣದಲ್ಲಿ ಬಟನ್ ಒತ್ತಿದರು. ಇಬ್ಬರಿಗೂ "ಖಾಲಿ" ಎಂದೇ ಉತ್ತರ ಬಂತು. ಭಾಷೆ ಬದಲಿಸಿದರೆ ಇದು ಸರಿಹೋಗುವುದಿಲ್ಲ. ಕಾವಲು ಡೇಟಾಬೇಸಿನಲ್ಲೇ ಇರಬೇಕು.

ದಿನಕ್ಕೊಂದೇ ಮದುವೆಯಾದರೆ ಹಾಲ್ ಮತ್ತು ದಿನಾಂಕ ಸೇರಿಸಿ ಯುನಿಕ್ ಕನ್‌ಸ್ಟ್ರೇಂಟ್ (ಒಂದೇ ಜೋಡಿ ಎರಡು ಸಲ ಬರದಂತೆ ತಡೆಯುವ ನಿಯಮ) ಹಾಕಿದರೆ ಸಾಕು. ಆದರೆ ನಮ್ಮಲ್ಲಿ ಹಿಂದಿನ ಸಂಜೆ ಆರತಕ್ಷತೆ, ಮರುದಿನ ಮಧ್ಯಾಹ್ನ ಊಟ. ಅದು ದಿನಾಂಕವಲ್ಲ, ಅವಧಿ. ಅದಕ್ಕೇ ನಾನು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಆರಿಸಿ ಅನ್ನುವುದು. 2012ರ 9.2 ಆವೃತ್ತಿಯಿಂದ ಅದರಲ್ಲಿ ಅವಧಿಗೇ ಒಂದು ಡೇಟಾ ಟೈಪ್ ಇದೆ. ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್ ಹಾಕಿದರೆ ಒಂದೇ ಹಾಲಿನ ಎರಡು ಅವಧಿ ಒಂದರ ಮೇಲೊಂದು ಬಿದ್ದರೆ ಎರಡನೆಯದನ್ನು ಅದೇ ತಳ್ಳಿಹಾಕುತ್ತದೆ. ಅದಕ್ಕೆ ಬೇಕಾದ ಬಿಟ್ರೀ-ಜಿಸ್ಟ್ ಎಕ್ಸ್‌ಟೆನ್ಷನ್ (ಪೋಸ್ಟ್‌ಗ್ರೆಸ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ತುಣುಕು) ಹಾಕಿಕೊಳ್ಳಲು ಮರೆಯಬೇಡಿ. ಅವಧಿಯ ಕೊನೆಯ ಗಳಿಗೆಯನ್ನು ಲೆಕ್ಕದಿಂದ ಹೊರಗಿಡಿ. ಆಗ 3 ಗಂಟೆಗೆ ಒಬ್ಬರು ಬಿಟ್ಟರೆ 3ಕ್ಕೇ ಇನ್ನೊಬ್ಬರು ಬರಬಹುದು.

ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸಿನಲ್ಲಿ ಈ ಸೌಲಭ್ಯ ಇಲ್ಲ. ಮೈಎಸ್‌ಕ್ಯೂಎಲ್ಲೇ ಬೇಕೆಂದರೆ ದಿನವನ್ನು ಬೆಳಗ್ಗೆ, ಸಂಜೆ ಎಂದು ಭಾಗ ಮಾಡಿ, ಭಾಗಕ್ಕೊಂದು ಸಾಲಿನಂತೆ ಯುನಿಕ್ ಹಾಕಿ. ಇನ್ನೊಂದು ಮಾತು, ಅಕ್ಷರಗಳನ್ನು ಉಳಿಸುವ ಬಗೆ ಕೇಳಿದಾಗ ಅಲ್ಲಿ ಯುಟಿಎಫ್8 ಅಂತ ಆರಿಸಬೇಡಿ, ಯುಟಿಎಫ್8ಎಂಬಿ4 ಆರಿಸಿ. ಹಳೆಯದರಲ್ಲಿ ಅಕ್ಷರಕ್ಕೆ 3 ಬೈಟ್ ಮಾತ್ರ. ಕನ್ನಡ ಹಿಡಿಸುತ್ತದೆ, ಹಾಗಾಗಿ ಯಾರಿಗೂ ಅನುಮಾನವೇ ಬರುವುದಿಲ್ಲ. ಯಾರೋ ಹೆಸರಿನ ಮುಂದೆ ಒಂದು ಇಮೋಜಿ ಒತ್ತಿದ ದಿನ ಗೊತ್ತಾಗುತ್ತದೆ.

ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಕಲಿಯಲು ಚೆನ್ನ. ಆದರೆ ಒಂದು ಹೊತ್ತಿಗೆ ಒಬ್ಬರೇ ಬರೆಯಬಹುದು.

ಹೆಜ್ಜೆ 3: ಈಗ ಭಾಷೆ. ಎರಡು ವರ್ಷದ ನಂತರ ರಿಪೇರಿ ಮಾಡುವವರಿಗೆ ಬರುವ ಭಾಷೆಯೇ ಒಳ್ಳೆಯ ಭಾಷೆ. ನನ್ನನ್ನು ಕೇಳಿದರೆ ಪೈಥಾನಿನಲ್ಲಿ ಆ್ಯಪ್ ಕಟ್ಟಲು ಸಿದ್ಧ ಚೌಕಟ್ಟಾದ ಜ್ಯಾಂಗೊ. ಮ್ಯಾನೇಜರ್ ಕೂತು ನೋಡುವ ಅಡ್ಮಿನ್ ಪುಟ ಪುಕ್ಕಟೆ ಸಿಗುತ್ತದೆ. ಅಗ್ಗದ ಶೇರ್ಡ್ ಹೋಸ್ಟಿಂಗ್ (ಹಲವರು ಹಂಚಿಕೊಳ್ಳುವ ಸರ್ವರ್) ಮಾತ್ರ ಇದ್ದರೆ ಪಿಎಚ್‌ಪಿ ಭಾಷೆ, ಅದರ ಚೌಕಟ್ಟು ಲಾರವೆಲ್. ಹಳೇ ವಿಡಿಯೊ ನೋಡಿ ಮೈಎಸ್‌ಕ್ಯೂಎಲ್_ಕ್ವೆರಿ ಎಂಬ ಪಿಎಚ್‌ಪಿಯ ಹಳೇ ಫಂಕ್ಷನ್ ಸುಮ್ನೆ ನಕಲು ಮಾಡಬೇಡಿ. 2015ರಲ್ಲಿ ಪಿಎಚ್‌ಪಿ 7 ಬಂದಾಗಲೇ ಅದನ್ನು ಕಿತ್ತುಹಾಕಿದ್ದಾರೆ. ಗಿರಾಕಿ ಟೈಪ್ ಮಾಡಿದ್ದನ್ನು ನೇರವಾಗಿ ಕ್ವೆರಿಗೆ (ಡೇಟಾಬೇಸಿಗೆ ಕೊಡುವ ಆದೇಶಕ್ಕೆ) ಅಂಟಿಸುವುದಂತೂ ಬೇಡವೇ ಬೇಡ. ಆದೇಶವನ್ನೂ ಮಾಹಿತಿಯನ್ನೂ ಬೇರೆ ಬೇರೆಯಾಗಿ ಕಳಿಸುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿ.

ಹೆಜ್ಜೆ 4: ದಿನಾ ರಾತ್ರಿ ಬ್ಯಾಕಪ್. ತಿಂಗಳಿಗೊಮ್ಮೆ ಅದನ್ನು ಬೇರೆ ಕಂಪ್ಯೂಟರಿಗೆ ಹಾಕಿ, ತೆರೆಯುತ್ತದೆಯೇ ನೋಡಿ.